ಹಸಿರು ಬಾಲದ ಇಲಿಗಳ ಇಂದ್ರಾಣಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಂಜನಗೂಡಿನ ಹೊರವಲಯದ ಫಾರ್ಮಸಿ ಕಾಲೇಜೊಂದರ ಹಿಂಭಾಗದ ಕಟ್ಟಡದಲ್ಲಿ ಇಂದ್ರಾಣಿ ಹಾಲಿನ ಪುಡಿಯ ಪ್ಯಾಕೆಟ್ ಕತ್ತರಿಸಿ ಸೊಂಟದೆತ್ತರದ ದುಂಡು ತೊಟ್ಟಿಗೆ ಸುರಿಯುತ್ತಾರೆ. ಉದ್ದನೆಯ ಕೋಲು ಹಿಡಿದು ಕಲಕುತ್ತಾರೆ. ನೀರು ಬೆಳ್ಳಗಾಗುತ್ತದೆ. ಆ ನೀರೊಳಗೆ, ಒಂದು ಬೆರಳಿನಷ್ಟು ಕೆಳಗೆ, ಅಂಗೈ ಅಗಲದ ಮಣೆಯೊಂದಿದೆ. ಈಗ ಅದು ಯಾರಿಗೂ ಕಾಣದು.

ಪಂಜರದಿಂದ ಬಿಳಿ ಇಲಿಯೊಂದನ್ನು ಎತ್ತಿಕೊಳ್ಳುತ್ತಾರೆ. ಅದರ ಬಾಲದ ಬುಡದಲ್ಲಿ ಹಸಿರು ಶಾಯಿಯ ಪಟ್ಟಿ. ಕೂಸಿಗೆ ನೀರು ಹಾಕುವವರಂತೆ ಎರಡೂ ಕೈಯಲ್ಲಿ ಮೆಲ್ಲಗೆ ತೊಟ್ಟಿಗಿಳಿಸಿ ಹಿಂದೆ ಸರಿಯುತ್ತಾರೆ. ಇಲಿ ಒಮ್ಮೆ ಮೂಗೆತ್ತಿ ಗೋಡೆಯತ್ತ ನೋಡುತ್ತದೆ, ತಿರುಗುತ್ತದೆ, ನೇರ ಮಣೆಯತ್ತ ಈಜಿ ಹತ್ತಿ ಕೂತು ಮೀಸೆ ಒರೆಸಿಕೊಳ್ಳುತ್ತದೆ. ಮುಂದಿನದು ಕಪ್ಪು ಪಟ್ಟಿಯ ಇಲಿ. ಅದು ತೊಟ್ಟಿಯ ಅಂಚು ಹಿಡಿದು ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ನಿನ್ನೆ ಇದೇ ಮಣೆಯ ಮೇಲೆ ಕೂತದ್ದು ಅದಕ್ಕೆ ನೆನಪಿಲ್ಲ. ಕೊನೆಗೆ ಇಂದ್ರಾಣಿಯೇ ಕೈ ಹಾಕಿ ಎತ್ತಿ, ಟವೆಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು ಒರೆಸುತ್ತಾರೆ.

"ನಮ್ಮತ್ತೆನೂ ಇಂಗೇಯ" ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತ ನಿಂತ ನನಗೆ ಹೇಳುತ್ತಾರೆ. "ಗೋಡೆ ಇಡ್ಕಂಡು ಸುತ್ತಾಳೆ. ಬಾಗ್ಲು ಮುಂದ್ಲೇ ಇರ್ತದೆ."

ಇಂದ್ರಾಣಿ ಈ ಕಾಲೇಜಿನ ಪ್ರಾಣಿಗೃಹದ ಸಹಾಯಕಿ. ತಗಡೂರಿನವರು. ಕಸ ತೆಗೆಯುವುದು, ಪಂಜರ ತೊಳೆಯುವುದು, ಮೇವು ಹಾಕುವುದು, ಔಷಧ ಕೊಡುವಾಗ ಇಲಿಯನ್ನು ಹಿಡಿದುಕೊಳ್ಳುವುದು, ಅದು ಸತ್ತರೆ ಎತ್ತಿ ಹಾಕುವುದು, ಎಲ್ಲವೂ ಇವರದೇ. ಪ್ರಯೋಗದ ಸುದ್ದಿ ಬಂದರೆ ಪತ್ರಿಕೆಯಲ್ಲಿ ಬಿಳಿ ಕೋಟಿನವರ ಫೋಟೊ ಬರುತ್ತದೆ. ಸಂಶೋಧನಾ ಲೇಖನ ಅಚ್ಚಾದರೆ ಮೇಲೆ ಹೆಸರುಗಳ ಸಾಲೇ ಇರುತ್ತದೆ, ಕೊನೆಯಲ್ಲಿ 'ಸಿಬ್ಬಂದಿಗೆ ಧನ್ಯವಾದ' ಅಂತ ಒಂದು ಗೆರೆ. ಸಿಬ್ಬಂದಿ ಅಂದರೆ ಯಾರು? ಇಲ್ಲಿ ಸಿಬ್ಬಂದಿ ಅಂದರೆ ಇಂದ್ರಾಣಿ ಒಬ್ಬರೇ. ಅವರ ಹೆಸರು ಬರೆಯಲು ಶಾಯಿ ಎಷ್ಟು ಬೇಕಿತ್ತು?

ಈಗ ನಡೆದಿರುವುದು ಮರೆವಿನ ಕಾಯಿಲೆಯ ಪ್ರಯೋಗ. ಚಾವಿ ಎಲ್ಲಿಟ್ಟೆ ಎಂದು ಹುಡುಕುವ ಮರೆವಲ್ಲ. ಮಗನ ಮುಖ, ಮನೆಯ ಬಚ್ಚಲು, ಕಡೆಗೆ ಅನ್ನ ನುಂಗುವುದನ್ನೂ ಕಳೆದುಕೊಳ್ಳುವ ಕಾಯಿಲೆ. ಅದಕ್ಕೆ ಈಗಿರುವ ಮಾತ್ರೆ ಕಾಯಿಲೆಯನ್ನು ಗುಣ ಮಾಡುವುದಿಲ್ಲ, ಸ್ವಲ್ಪ ಕಾಲ ತಡೆಯಬಹುದು ಅಷ್ಟೆ. ಆ ಮಾತ್ರೆಯ ಜೊತೆ ಕೆಲವು ವಿಟಮಿನ್ ಸೇರಿಸಿ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆಯೇ? ಸಂಶೋಧನಾ ವಿದ್ಯಾರ್ಥಿನಿ ಶಾಲಿನಿ ಹುಡುಕುತ್ತಿರುವುದು ಇದನ್ನು. ಇಲಿಗಳಿಗೆ ಮದ್ದು ಕೊಟ್ಟು ಮರೆವು ತರಿಸುತ್ತಾರೆ, ಆಮೇಲೆ ಚಿಕಿತ್ಸೆ ಕೊಡುತ್ತಾರೆ, ಆಮೇಲೆ ತೊಟ್ಟಿಗೆ ಬಿಡುತ್ತಾರೆ. ಮಣೆ ಎಲ್ಲಿದೆ ಎಂದು ನೆನಪಿದ್ದ ಇಲಿ ಬೇಗ ಸೇರುತ್ತದೆ. ನೆನಪಿಲ್ಲದ್ದು ಸುತ್ತುತ್ತದೆ.

ಇಲಿಗಳಲ್ಲಿ ನಾಲ್ಕು ಗುಂಪು. ಹಸಿರು, ಕಪ್ಪು, ನೀಲಿ, ಹಳದಿ. ಪ್ರತಿ ಬಣ್ಣಕ್ಕೂ ಅದರದೇ ಮುಚ್ಚಳದ ಬಾಟಲಿಗಳು, ಮರೆವಿನ ಮದ್ದಿಗೊಂದು, ಚಿಕಿತ್ಸೆಗೊಂದು. ಯಾವ ಬಣ್ಣಕ್ಕೆ ಮಾತ್ರೆ, ಯಾವುದಕ್ಕೆ ಮಾತ್ರೆಯ ಜೊತೆ ವಿಟಮಿನ್, ಯಾವುದಕ್ಕೆ ಏನೂ ಇಲ್ಲ ಎಂಬುದು ಇಂದ್ರಾಣಿಗೂ ಗೊತ್ತಿಲ್ಲ, ಶಾಲಿನಿಗೂ ಗೊತ್ತಿಲ್ಲ. ಬಾಟಲಿ ತುಂಬಿಸುವ ಪ್ರೊಫೆಸರ್ ಮಹಾದೇವಸ್ವಾಮಿಯವರಿಗೆ ಮಾತ್ರ ಗೊತ್ತು. ಗೊತ್ತಿದ್ದರೆ ನೋಡುವ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಈ ಕಟ್ಟುಪಾಡು. ಎಲ್ಲ ಈಜು ಮುಗಿದ ಮೇಲೆ ಅವರು ಹೇಳುತ್ತಾರೆ.

ಇಂದ್ರಾಣಿಗೆ ಅಲ್ಲಿಯ ತನಕ ತಡೆಯುವ ತಾಳ್ಮೆಯಿಲ್ಲ. ಹಸಿರು ಇಲಿಗಳು ದಿನಾ ನೇರ ಮಣೆಗೆ ಹೋಗುವುದನ್ನು ಅವರು ಕಣ್ಣಾರೆ ನೋಡುತ್ತಿದ್ದಾರೆ. ಆ ಹಸಿರು ಮುಚ್ಚಳದ ಬಾಟಲಿಯಲ್ಲಿ ಏನಿದೆಯೋ ಅದು ತಮ್ಮ ಅತ್ತೆಗೆ ಬೇಕು. ಅದೂ ಈಗಲೇ ಬೇಕು.

ಅತ್ತೆ ಪಾಪಮ್ಮನ ತವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆ. ಅಲ್ಲಿ ಈಗ ಅವರ ಕಡೆಯವರು ಯಾರೂ ಇಲ್ಲ. ಪಾಪಮ್ಮನಿಗೆ ಅದು ಗೊತ್ತಿಲ್ಲ. ಬೆಳಿಗ್ಗೆ ಎದ್ದವರೇ ಸೆರಗು ಬಿಗಿದು ಹೊರಡುತ್ತಾರೆ. ಅವ್ವ ಹೊಳೆ ದಂಡೆಯಲ್ಲಿ ಸೊಪ್ಪು ಬಿಡಿಸಿಕೊಂಡು ಕಾಯುತ್ತಿದ್ದಾಳಂತೆ. ಸೊಸೆಯನ್ನೇ ಹಿಡಿದು ಕೇಳುತ್ತಾರೆ: "ಒಳ್ಳೆಯವ್ಳಂಗೆ ಕಾಣ್ತೀಯಲ್ಲವ್ವ, ನರಸೀಪುರದ ಬಸ್ ಎಲ್ ನಿಲ್ತದೆ ತೋರ್ಸು."

ಮೊದಲು ಬಸ್ ಹತ್ತಿದರೂ ಟಿಕೆಟ್‌ಗೆ ಕಾಸಿಲ್ಲದೆ ಇಳಿಸುತ್ತಿದ್ದರು. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಆ ತಡೆಯೂ ಹೋಯಿತು. ಊರಿನ ಹೆಂಗಸರೆಲ್ಲ ಸಂತೋಷಪಟ್ಟರು, ಇಂದ್ರಾಣಿಯೂ ಪಟ್ಟರು, ಅದರಲ್ಲೇ ದಿನಾ ನಂಜನಗೂಡಿಗೆ ಬರುತ್ತಾರೆ. ಆದರೆ ಅವರ ಮನೆಯಲ್ಲಿ ಬಾಗಿಲಿಗೆ ಅಗುಳಿ ಬಿತ್ತು. ಕಂಡಕ್ಟರ್ ಬಸವೇಶ್ ಗುರುತಿನವರು. ಅಗುಳಿ ತೆಗೆದುಕೊಂಡು ಬಂದ ಪಾಪಮ್ಮ ಹತ್ತಿದರೆ ಅವರು ಬಯ್ಯುವುದಿಲ್ಲ. "ಅಜ್ಜಿ, ಆಧಾರ್ ಕಾರ್ಡ್ ಎಲ್ಲಿ? ಓಗಿ ತಕ್ಕಬಾ, ನಿಲ್ಸಿರ್ತೀನಿ" ಎನ್ನುತ್ತಾರೆ. ಪಾಪಮ್ಮ ಇಳಿದು ಮನೆ ಕಡೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಯಾಕೆ ಹೊರಟೆ ಎಂಬುದನ್ನು ಮರೆಯುತ್ತಾರೆ. ಇದು ಬಸವೇಶ್ ಬಸ್ಸಿನಲ್ಲಿ ನಡೆಯುತ್ತದೆ. ಬೇರೆ ಬಸ್ಸಿನಲ್ಲಿ ಬಸವೇಶ್ ಇರುತ್ತಾರೆಯೇ?

ಎರಡು ಸಲ ಪಾಪಮ್ಮ ನರಸೀಪುರದ ನಿಲ್ದಾಣದವರೆಗೆ ಹೋಗಿಬಿಟ್ಟಿದ್ದರು. ಎರಡನೆಯ ಸಲ ಸಿಕ್ಕಿದ್ದು ನಿಲ್ದಾಣದಲ್ಲೂ ಅಲ್ಲ, ಕಾವೇರಿ ಕಪಿಲೆ ಸೇರುವ ಸಂಗಮದ ಮೆಟ್ಟಿಲ ಮೇಲೆ. ಪಾದ ನೀರಿನಲ್ಲಿತ್ತು. ಹೊಳೆ ತುಂಬಿತ್ತು. ಹೂ ಮಾರುವ ಹೆಂಗಸೊಬ್ಬರು ಮೇಲಕ್ಕೆ ಕರೆದು ಕೂರಿಸಿ, ತೋಳಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು.

ತೋಳಿನ ಮೇಲಿನ ನಂಬರ್ ಇಂದ್ರಾಣಿಯ ಉಪಾಯ. ಚೀಟಿ ಬರೆದು ಸೆರಗಿಗೆ ಕಟ್ಟಿದರೆ ಪಾಪಮ್ಮ ಬಿಚ್ಚಿ ಎಸೆಯುತ್ತಿದ್ದರು. ಇಲಿ ಬಾಲಕ್ಕೆ ಗುರುತು ಹಾಕುವ ಪೆನ್ನು ನೀರು ಬಿದ್ದರೂ ಬೇಗ ಅಳಿಯುವುದಿಲ್ಲ. ಅಂಥದ್ದೇ ಒಂದನ್ನು ಅಂಗಡಿಯಿಂದ ತಂದು ದಿನಾ ಬೆಳಿಗ್ಗೆ ಅತ್ತೆಯ ಮುಂಗೈ ಮೇಲೆ ತಮ್ಮ ಮೊಬೈಲ್ ನಂಬರ್ ಬರೆಯುತ್ತಾರೆ. ಈ ಪ್ರಯೋಗ ಶುರುವಾದ ಮೇಲೆ ಹಸಿರು ಶಾಯಿಯಲ್ಲೇ ಬರೆಯುತ್ತಾರೆ. ಅಸ್ರು ಇಲಿಗೆ ದಾರಿ ಸಿಕ್ತದಲ್ಲ, ಅದಕ್ಕೆ ಎಂದು ಅವರೇ ನಗುತ್ತಾರೆ.

ಇಂದ್ರಾಣಿ ಹುಟ್ಟಿದ್ದು ಕವಲಂದೆಯಲ್ಲಿ, ರೇಷ್ಮೆ ಹುಳ ಸಾಕುವ ಮನೆಯಲ್ಲಿ. ಹುಳದ ಮನೆಗೆ ಹೂ ಮುಡಿದು ಹೋಗಬಾರದು, ಊದುಬತ್ತಿ ಹಚ್ಚಬಾರದು, ಗಟ್ಟಿಯಾಗಿ ಬಾಗಿಲು ಹಾಕಬಾರದು ಎಂದು ಕಲಿತು ಬೆಳೆದವರು. ಮದುವೆಯಾಗಿ ತಗಡೂರಿಗೆ ಬಂದ ಮೇಲೆ ಗಾರ್ಮೆಂಟ್ಸ್‌ಗೆ ಹೋದರು, ಅದು ಮುಚ್ಚಿತು. ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸಲು ಸೇರಿದರು. ಇಲಿ ನೋಡಿಕೊಳ್ಳುತ್ತಿದ್ದಾತ ಕಚ್ಚಿಸಿಕೊಂಡು ಕೆಲಸ ಬಿಟ್ಟ ದಿನ ಪೊರಕೆ ಹಿಡಿದಿದ್ದ ಇವರನ್ನೇ ಒಳಗೆ ಕಳಿಸಿದರು. ಅಂದು ಹೋದವರು ಇಂದಿಗೂ ಅಲ್ಲೇ ಇದ್ದಾರೆ, ಗುತ್ತಿಗೆಯಲ್ಲೇ ಇದ್ದಾರೆ.

ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಸೀಟು ಬದಲಿಸುತ್ತಾರೆ. ಊರಲ್ಲಿ ಇವರಿಗೆ ಇಲಿ ಇಂದ್ರಾಣಿ ಎಂದೇ ಹೆಸರು. ಗಾರೆ ಕೆಲಸ ಮಾಡುವ ಗಂಡ ನಾಗೇಂದ್ರ ಕೂಡ ಬಿಡುವುದಿಲ್ಲ. ಮನೆಗೆ ಬಂದ ಇಲಿಗೆ ಪಾಷಾಣ ಇಡ್ತಾಳೆ, ಅಲ್ಲಿ ಇಲಿಗೆ ಬಾಣಂತನ ಮಾಡ್ತಾಳೆ ಎಂದು ಛೇಡಿಸುತ್ತಾರೆ. ಪ್ರಾಣಿಗಳ ಮೇಲೆ ಪ್ರಯೋಗ ಕ್ರೌರ್ಯ ಎಂದು ಭಾಷಣ ಮಾಡುವವರೂ ಇದ್ದಾರೆ. ಮಾಡಲಿ. ಆದರೆ ಆ ನೋವು ಗೊತ್ತಿರುವುದು ಭಾಷಣದವರಿಗಲ್ಲ, ಇಲಿಯ ಎದೆ ಡವಗುಟ್ಟುವುದನ್ನು ಅಂಗೈಯಲ್ಲಿ ಹಿಡಿದುಕೊಳ್ಳುವವರಿಗೆ.

ಕಳೆದ ಆಯುಧಪೂಜೆಯಲ್ಲಿ ಒಂದು ಎಡವಟ್ಟಾಯಿತು. ತೊಟ್ಟಿಯ ಸುತ್ತಲಿನ ಗೋಡೆಗಳ ಮೇಲೆ ಚಾರ್ಟ್ ಪೇಪರಿನ ಆಕಾರಗಳನ್ನು ಅಂಟಿಸಿರುತ್ತಾರೆ. ಒಂದು ಗೋಡೆಗೆ ತ್ರಿಕೋನ, ಒಂದಕ್ಕೆ ಕಪ್ಪು ವೃತ್ತ, ಒಂದಕ್ಕೆ ಪಟ್ಟೆ. ಪೂಜೆಗೆಂದು ಸ್ಟೋರ್ ಕೀಪರ್ ದೇವರಾಜು ತೊಟ್ಟಿಗೆ, ತಕ್ಕಡಿಗೆ, ಮೇಲಿನ ಕ್ಯಾಮೆರಾಕ್ಕೂ ಕುಂಕುಮ ಇಟ್ಟರು. ವೃತ್ತ ಇದ್ದ ಜಾಗಕ್ಕೆ ಹೂವಿನ ಹಾರ ಹಾಕಿದ ದೇವರ ಫೋಟೊ ಬಂತು. ಗೋಡೆ ತೊಳೆದ ಇಂದ್ರಾಣಿ, ಮಾಸಿದ ಆಕಾರಗಳನ್ನು ಇದ್ದಲ್ಲೇ ಅಂಟಿಸಬೇಕೆಂದು ಯಾರೂ ಹೇಳದ ಕಾರಣ, ಚೆಂದ ಕಾಣಲಿ ಎಂದು ಒಂದೇ ಗೋಡೆಗೆ ಸಾಲಾಗಿ ಅಂಟಿಸಿದರು.

ಮರುದಿನ, ಆಗ ಪ್ರಯೋಗದಲ್ಲಿದ್ದ ತಂಡದ ಒಂದು ಇಲಿಗೂ ಮಣೆ ಸಿಗಲಿಲ್ಲ. ಕಾಯಿಲೆಯೇ ಇಲ್ಲದವೂ ಅಂಚು ಹಿಡಿದು ಸುತ್ತಿದವು. ಶಾಲಿನಿ ತಲೆ ಮೇಲೆ ಕೈ ಹೊತ್ತು ಕೂತರು, ಆಮೇಲೆ ಕೂಗಾಡಿದರು. ತಂಡ ಪೂರ್ತಿ ವ್ಯರ್ಥ. ನೀರಿನಲ್ಲಿ ಇಲಿಗೆ ಯಾವ ಗುರುತೂ ಇಲ್ಲ, ಅದು ಗೋಡೆ ನೋಡಿಕೊಂಡು ದಾರಿ ನೆನಪಿಡುತ್ತದೆ, ಗೋಡೆ ಬದಲಾದರೆ ಅದರ ಲೋಕವೇ ಬದಲಾದಂತೆ ಎಂದು ಅವರು ಬಿಡಿಸಿ ಹೇಳಿದ್ದು ಅಂದೇ. ಮೊದಲೇ ಹೇಳಬಹುದಿತ್ತು. ಗೋಡೆ ತೊಳೆಯುವವರಿಗೆ ಗೋಡೆ ಯಾಕಿದೆ ಎಂದು ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಅಂದು ಇಂದ್ರಾಣಿಗೆ ಮನೆಯ ನೆನಪಾಯಿತು. ಹೆಂಚಿನ ಮನೆ ತೆಗೆದು ತಾರಸಿ ಹಾಕಿಸಿದ ಮೇಲೇ ಅತ್ತೆ ಬಚ್ಚಲು ಹುಡುಕಲು ಒದ್ದಾಡತೊಡಗಿದ್ದು. ಇಂದ್ರಾಣಿ ಒಂದು ಕೆಂಪು ತ್ರಿಕೋನ ಕತ್ತರಿಸಿ ಬಚ್ಚಲ ಬಾಗಿಲಿಗೆ ಅಂಟಿಸಿದರು. ಪಾಪಮ್ಮ ಅದನ್ನು ತಿರುಗಿ ತಿರುಗಿ ನೋಡಿ, "ಇದ್ಯಾವ್ ಪಾರ್ಟಿದು? ನಮ್ಮನೆ ಬಾಗ್ಲಿಗೆ ಅಂಟ್ಸಕ್ಕೆ ಯಾವನ್ಗೆ ಧೈರ್ಯ ಬಂತು" ಎಂದು ಕಿತ್ತು ಹಾಕಿದರು. ಆಮೇಲೆ ಇಂದ್ರಾಣಿ ಅಟ್ಟದಲ್ಲಿದ್ದ ಹಳೆಯ ಮೊರ ತಂದು ನೇತು ಹಾಕಿದರು. ಹಳೆ ಮನೆಯ ಬಚ್ಚಲ ಪಕ್ಕ ಅದು ತೂಗುತ್ತಿತ್ತು. ಪಾಪಮ್ಮ ಮೊರ ಕಂಡರೆ ಆ ಬಾಗಿಲಿಗೆ ಹೋಗುತ್ತಾರೆ. ಕೆಲವು ದಿನ ಹೋಗುತ್ತಾರೆ, ಕೆಲವು ದಿನ ಮೊರವನ್ನೇ ಎತ್ತಿಕೊಂಡು ರಾಗಿ ಕೇರಲು ಕೂರುತ್ತಾರೆ.

ಮೊರ ಬಚ್ಚಲು ತೋರಿಸಬಹುದು, ಬಸ್ ಹತ್ತುವುದನ್ನು ತಡೆಯಲಾರದು. ಅದಕ್ಕೇ ಇಂದ್ರಾಣಿಯ ಕಣ್ಣು ಹಸಿರು ಬಾಟಲಿಯ ಮೇಲೆ. ಶಾಲಿನಿಯನ್ನು ದಿನಾ ಕೇಳುತ್ತಾರೆ, ತನಗೂ ಗೊತ್ತಿಲ್ಲ ಎಂಬ ಉತ್ತರ ಕೇಳಿ ಸಿಡಿಮಿಡಿಗೊಳ್ಳುತ್ತಾರೆ. ಕೂತಲ್ಲಿ ಕೂರುವುದಿಲ್ಲ. ತೊಳೆದ ಪಂಜರ ಮತ್ತೆ ತೊಳೆಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡುತ್ತಾರೆ. ಅಪರಿಚಿತ ನಂಬರಿನಿಂದ ಕರೆ ಬಂದರೆ ಕೈಯಲ್ಲಿದ್ದ ಪಂಜರ ಅಲ್ಲೇ ಇಟ್ಟು ಎತ್ತುತ್ತಾರೆ. ಅದು ಸಾಲ ಬೇಕೇ ಎಂದು ಕೇಳುವ ಕಂಪನಿಯದ್ದಾದರೆ, ಆ ಕಡೆಯವರಿಗೆ ಮಂಗಳಾರತಿ.

ನರಸೀಪುರದಿಂದ ಫೋನ್ ಬಂದ ಮರುದಿನದ ಸಂಜೆ, ಹಸಿರು ಮುಚ್ಚಳದ ಬಾಟಲಿ ಇಂದ್ರಾಣಿಯ ಊಟದ ಚೀಲದೊಳಗೆ ಇಳಿದಿತ್ತು. ಚೀಲದ ಬಾಯಿಗೆ ಸೆರಗು ಮುಚ್ಚಿ ಗೇಟಿನವರೆಗೆ ನಡೆದರು. ಬಸ್ ಬಂತು, ಹೋಯಿತು. ಅವರು ಹತ್ತಲಿಲ್ಲ. ವಾಪಸ್ ಬಂದು ಫ್ರಿಜ್ಜಿನಲ್ಲಿಟ್ಟರು. ಅಷ್ಟರಲ್ಲಿ ಶಾಲಿನಿ ಬಾಗಿಲಲ್ಲಿ ನಿಂತಿದ್ದರು. ಬಾಟಲಿ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಫ್ರಿಜ್ ಮುಚ್ಚಿ ಹೋದರು. ಮಾರನೆಯ ದಿನ ಆ ಬಾಟಲಿ ಚೆಲ್ಲಿ ಹೊಸದಾಗಿ ತುಂಬಿಸಿಕೊಂಡರು. ಇದನ್ನು ಬರೆದರೆ ನಿಮಗೆ ತೊಂದರೆಯಾಗುವುದಿಲ್ಲವೇ ಎಂದು ನಾನು ಕೇಳಿದರೆ ಇಂದ್ರಾಣಿ ಗುರಾಯಿಸುತ್ತಾರೆ.

"ಬರ್ಕಳಿ. ಪ್ರೊಫೆಸರ್ ಸಾಹೇಬ್ರಿಗೂ ನಾನೇ ಯೋಳಿವ್ನಿ. ಇಲಿಗೆ ಕೊಡೋದ್ನ ನಮ್ಮತ್ತೆಗೆ ಕೊಟ್ಟು ಯಾನಾರ ಆದ್ರೆ ಯಾರ್ ಕೇಳಾರು? ಅದ್ಕೇ ತಿರ್ಗಿ ಬಂದೆ. ಕದಿಯಾಕೆ ಎದುರ್ಕಂಡು ಅಲ್ಲ."

ಮಹಾದೇವಸ್ವಾಮಿಯವರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಬಯ್ದರು, ಆಮೇಲೆ ಪಾಪಮ್ಮನನ್ನು ಮೈಸೂರಿನ ಆಸ್ಪತ್ರೆಗೆ ತೋರಿಸಲು ಒಂದು ದಿನ ರಜೆ ಕೊಟ್ಟರು. ಪಾಪಮ್ಮ ಈಗ ಅಲ್ಲಿಯ ಡಾಕ್ಟರು ಬರೆದ ಮಾತ್ರೆ ನುಂಗುತ್ತಾರೆ. ವಿಟಮಿನ್ ಕೊಡಬೇಕೋ ಬೇಡವೋ ಎಂಬುದನ್ನು ರಕ್ತ ಪರೀಕ್ಷೆ ನೋಡಿ ಹೇಳುತ್ತೇವೆ ಎಂದಿದ್ದಾರೆ. ಇದನ್ನು ಓದಿ ಯಾರೂ ಮೆಡಿಕಲ್ ಶಾಪಿಗೆ ಓಡಬೇಡಿ. ಇಲಿಯ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ.

ಈಜು ಮುಗಿದ ವಾರ ಇಲಿಗಳ ಕೊನೆಯ ವಾರವೂ ಹೌದು. ನಿದ್ದೆಯ ಔಷಧ ಹೆಚ್ಚು ಕೊಟ್ಟು, ಪ್ರಾಣ ಹೋದ ಮೇಲೆ ಮಿದುಳು ತೆಗೆದು ಪರೀಕ್ಷಿಸಬೇಕು. ಕಚ್ಚದೆ, ಒದೆಯದೆ ಇಲಿಗಳು ಸುಮ್ಮನಿರುವುದು ಇಂದ್ರಾಣಿಯ ಕೈಯಲ್ಲಿ ಮಾತ್ರ. ಹಾಗಾಗಿ ಅವತ್ತೂ ಅವರೇ ಬೇಕು. ಒಂದೊಂದನ್ನೂ ಎತ್ತಿಕೊಂಡು, ಕಿವಿಯ ಹಿಂದೆ ಉಜ್ಜಿ, ಕೊಡುತ್ತಾರೆ. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. "ಮಿಕ್ಕಿದ್ ಕೆಲ್ಸ ಯಾನ್ ಬೇಕಾರೂ ಯೋಳ್ಲಿ. ಇದೊಂದ್ ದಿನ ನನ್ನ ಕರೀದೆ ಇದ್ರೆ ಸಾಕು" ಎಂದರು. ಕರೆದರೆ ಬರುತ್ತಾರೆ ಎಂಬುದು ಅವರಿಗೂ ಗೊತ್ತು, ಕರೆಯುವವರಿಗೂ ಗೊತ್ತು.

ಕಳೆದ ಶನಿವಾರ ಬಣ್ಣಗಳ ಗುಟ್ಟು ಹೊರಬಿತ್ತು. ಪ್ರೊಫೆಸರ್ ಕೊಠಡಿಗೆ ಶಾಲಿನಿ ಇಂದ್ರಾಣಿಯ ಕೈ ಹಿಡಿದು ಎಳೆದುಕೊಂಡೇ ಹೋದರು. ಇಂದ್ರಾಣಿ ಬಾಗಿಲ ಹತ್ತಿರವೇ ನಿಂತರು. ಮಹಾದೇವಸ್ವಾಮಿಯವರು ಮೊದಲು ಕಪ್ಪು ಎಂದರು. ಮರೆವು ತರಿಸಿ, ಚಿಕಿತ್ಸೆ ಕೊಡದೆ ಬಿಟ್ಟವು. ಶಾಲಿನಿ ತಲೆಯಾಡಿಸಿದರು. ನೀಲಿಗೆ ಮಾತ್ರೆ ಮಾತ್ರ. ಇಂದ್ರಾಣಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. ಉಳಿದದ್ದು ಹಳದಿ ಮತ್ತು ಹಸಿರು.

"ಹಸಿರು, ಆರೋಗ್ಯವಾಗಿರೋ ಇಲಿಗಳು" ಎಂದರು ಪ್ರೊಫೆಸರ್. ಹೋಲಿಸಿ ನೋಡಲು ಇರಲಿ ಎಂದು ಅವಕ್ಕೆ ಮರೆವಿನ ಮದ್ದನ್ನೇ ಕೊಟ್ಟಿರಲಿಲ್ಲವಂತೆ. ಹಸಿರು ಮುಚ್ಚಳದ ಎಲ್ಲ ಬಾಟಲಿಯಲ್ಲೂ ತುಂಬಿದ್ದು ಒಂದೇ.

"ಯಾನ ಸಾ?"

"ಉಪ್ಪು ನೀರು, ಇಂದ್ರಾಣಿ."

ಇಂದ್ರಾಣಿ ಗೋಡೆಗೆ ಒರಗಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಪ್ಪು ನೀರಿಗೆ ಕಳ್ಳಿ ಅನ್ನಿಸಿಕೊಳ್ಳುತ್ತಿದ್ದೆನಲ್ಲ ಎಂದು ಹೇಳಿಕೊಂಡು ನಕ್ಕರು. ಶಾಲಿನಿ ಕುರ್ಚಿ ಎಳೆದು ಕೂರಿಸಿದರು. ಆ ಕೊಠಡಿಯ ನೆಲವನ್ನು ವರ್ಷಗಟ್ಟಲೆ ಒರೆಸಿದ್ದಾರೆ, ಅಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಮಾತ್ರೆಯ ಜೊತೆ ವಿಟಮಿನ್ ಕೊಟ್ಟದ್ದು ಹಳದಿ ಇಲಿಗಳಿಗೆ. ಇಂದ್ರಾಣಿ ಮಂಕು ಎಂದು ಬಯ್ಯುತ್ತಿದ್ದುದು ಅವನ್ನೇ. ಅವು ಮೊದಮೊದಲು ಸುತ್ತುತ್ತಿದ್ದವು, ಕೊನೆಯ ದಿನಗಳಲ್ಲಿ ಮಾತ್ರ ನೀಲಿಯವಕ್ಕಿಂತ ಕೊಂಚ ಬೇಗ ಮಣೆ ಸೇರುತ್ತಿದ್ದವು. ಕೊಂಚ ಅಷ್ಟೆ. ಇನ್ನೊಂದು ತಂಡದಲ್ಲೂ ಹೀಗೇ ಬರಬೇಕು, ಆಮೇಲೆ ಬೇರೆ ಪ್ರಾಣಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ, ಎಂದು ಪ್ರೊಫೆಸರ್ ವಿವರಿಸಿದರು. ಇಂದ್ರಾಣಿ ಕೇಳಿದ್ದು ಒಂದೇ ಪ್ರಶ್ನೆ.

"ಅಷ್ಟೊತ್ಗೆ ನಮ್ಮತ್ತೆ ಇರ್ತಾಳಾ ಸಾ?"

ಮಹಾದೇವಸ್ವಾಮಿಯವರು ಕನ್ನಡಕ ತೆಗೆದರು. ಇರುವುದಿಲ್ಲ ಅನ್ನಿಸುತ್ತದೆ ಎಂದರು. ಸುಳ್ಳು ಹೇಳಲಿಲ್ಲ. ಅಷ್ಟು ಮರ್ಯಾದೆಯನ್ನಾದರೂ ಆ ಕೊಠಡಿ ಅವರಿಗೆ ಕೊಟ್ಟಿತು.

ಸೋಮವಾರ ಬೆಳಿಗ್ಗೆ ತಗಡೂರಿನ ಮನೆ. ಪಾಪಮ್ಮ ಜಗಲಿಯ ಮೇಲೆ ಕೂತಿದ್ದಾರೆ, ಸೆರಗು ಆಗಲೇ ಬಿಗಿದಿದೆ. ಕಾಲೇಜಿಗೆ ಅಂದೇ ಹೊಸ ಇಲಿಗಳು ಬರುತ್ತವೆ, ಬಾಲಕ್ಕೆ ಹೊಸದಾಗಿ ಬಣ್ಣ ಹಾಕಬೇಕು, ಇಂದ್ರಾಣಿಗೆ ಅವಸರ. ಅತ್ತೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆಯುತ್ತಾರೆ. ಹಸಿರು ಪೆನ್ನು. ಗಾರೆ ಕೆಲಸಕ್ಕೆ ಹೊರಟ ನಾಗೇಂದ್ರ ಮೆಟ್ಟಿಲ ಮೇಲೆ ನಿಂತು ಕೆಣಕುತ್ತಾರೆ, ನಿನ್ನ ಅಸ್ರು ಬರೀ ಉಪ್ಪುನೀರಂತಲ್ಲ, ಇನ್ನೂ ಯಾಕೆ ಅದರಲ್ಲಿ ಬರೀತೀಯ ಎಂದು.

"ಕಾಯ್ಲೆ ಇಲ್ದೆ ಇರೋವುಂದು ಬಣ್ಣ ತಾನೆ" ಎನ್ನುತ್ತಾರೆ ಇಂದ್ರಾಣಿ. "ಇರ್ಲಿ ಬುಡು."

ಪಾಪಮ್ಮ ಕೈ ಕೊಡವುತ್ತಾರೆ, ಬಸ್ ಹೋಗಿಬಿಡುತ್ತದೆ ಎಂದು ಗೊಣಗುತ್ತಾರೆ. ಇಂದ್ರಾಣಿ ಕಿವಿಯ ಹಿಂದೆ ಉಜ್ಜುತ್ತಾರೆ. ಮುದುಕಿಯ ಕೈ ಸಡಿಲವಾಗುತ್ತದೆ. ಅಂಕಿಗಳು ಸುಕ್ಕಿನ ಮೇಲೆ ಏರಿ ಇಳಿದು ಕೂರುತ್ತವೆ. ಬರೆದು ಮುಗಿಸಿ, ಉಫ್ ಎಂದು ಊದಿ ಒಣಗಿಸಿ, ಬಸ್ಸಿಗೆ ಓಡುವ ಮೊದಲು ಒಂದು ಗಳಿಗೆ ನನ್ನತ್ತ ತಿರುಗಿ ನಿಲ್ಲುತ್ತಾರೆ.

"ಇಷ್ಟ್ ವರ್ಸದಲ್ಲಿ ಆ ತೊಟ್ಟೀಲಿ ಒಂದ್ ಇಲೀನೂ ಮುಳುಗಿಲ್ಲ ಕಣ್ರೀ. ಸುತ್ತಿ ಸುತ್ತಿ ಸುಸ್ತಾಯ್ತು ಅಂದ್ರೆ ನಾನ್ ಕೈ ಆಕ್ತೀನಿ. ಇವ್ಳುನ್ನೂ ಮುಳುಗಾಕೆ ಬುಡಾಕಿಲ್ಲ."